ಮಲಗಿದ ಹಡಗಿನಲ್ಲಿ ಬಕೆಟ್ಟಕ್ಕ

ಇಪ್ಪತ್ತೆರಡು ವರ್ಷ ಒಂದೇ ಫೆರಿ ಹಡಗಿನ ನೆಲ ಒರೆಸಿದವಳಿಗೆ ಅದೇ ಫೆರಿಯ ಬಗ್ಗೆ ಪಾಠ ಹೇಳಬೇಕಾದರೆ ಗುಂಡಿಗೆ ಗಟ್ಟಿಯಿರಬೇಕು. ಡೈವಿಂಗ್ ಶಾಲೆಯ ಮೇಷ್ಟ್ರಿಗೆ ಅದು ಗಟ್ಟಿಯಾಗಿಯೇ ಇತ್ತು.

ಫೆರಿಗೆ ವಯಸ್ಸಾದಾಗ, ಮುಳುಗಿಸಿದರೆ ಮೀನು ಸೇರುತ್ತವೆ, ಮೀನು ನೋಡಲು ಜನ ಸೇರುತ್ತಾರೆ ಎಂದು ಬಂದರಿನ ದೊಡ್ಡವರು ತೀರ್ಮಾನಿಸಿದರು. ಎಣ್ಣೆ ತೊಳೆದು, ಬಾಗಿಲು ಕಳಚಿ, ಅಲ್ಲಲ್ಲಿ ತೂತು ಕೊರೆದು ನೀರು ತುಂಬಿಸಿದರು. ತಳದಲ್ಲಿ ನೆಟ್ಟಗೆ ಕೂರಬೇಕಿದ್ದ ಹಡಗು ಕೊನೇ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ಬಲಮಗ್ಗುಲಿಗೆ ಹೊರಳಿ ಮಲಗಿಬಿಟ್ಟಿತು. ಅಷ್ಟು ವರ್ಷ ದುಡಿದದ್ದಕ್ಕೆ ಅದನ್ನು ದೂರುವ ಹಾಗೂ ಇರಲಿಲ್ಲ.

ಹಡಗಿನ ಜೊತೆ ಕೆಲಸವೂ ಮುಳುಗಿ, ಒರೆಸುವ ಬಕೆಟ್ಟಿನಿಂದಲೇ ಹೆಸರು ಪಡೆದಿದ್ದ ಬಕೆಟ್ಟಕ್ಕ ಡೈವಿಂಗ್ ಶಾಲೆಯಲ್ಲಿ ಮುಳುಗುವವರ ರಬ್ಬರು ಸೂಟು ತೊಳೆಯಲು ಸೇರಿದಳು. ನೀರಿನಿಂದ ಎದ್ದು ಬಂದವರು "ಎಂಜಿನ್ ಕೋಣೆ ನೋಡಿದ್ವಿ!" ಎಂದು ಕೊಚ್ಚಿಕೊಳ್ಳುತ್ತಿದ್ದರು. ಅವರು ವರ್ಣಿಸುತ್ತಿದ್ದದ್ದು ಅಡುಗೆಮನೆಯನ್ನು. ಒಂದು ವರ್ಷ ಹಲ್ಲು ಕಚ್ಚಿ ಕೇಳಿಸಿಕೊಂಡಳು. ಆಮೇಲೆ, ಐವತ್ತೊಂದನೇ ವಯಸ್ಸಿನಲ್ಲಿ, ತಾನೂ ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿದಳು. ಸೂಟು ಸೊಂಟಕ್ಕೆ ಸಾಲದಾದಾಗ ದರ್ಜಿ ಗಂಡ ಎರಡು ಪಟ್ಟಿ ಕೂಡಿಸಿ ಹೊಲಿದುಕೊಟ್ಟ.

"ಇನ್ನೊಂದು ಪಟ್ಟಿ ಬೇಕಾಗೋ ಹಾಗಿದ್ರೆ ಈಗ್ಲೇ ಹೇಳ್ಬಿಡೇ, ಇದು ರಬ್ಬರು, ಬಿಚ್ಚಿ ಹೊಲಿಯೋಕಾಗಲ್ಲ" ಎಂದ.

ಮೂರು ವರ್ಷದಲ್ಲಿ ಒಂದೊಂದೇ ಪರೀಕ್ಷೆ ದಾಟಿದಳು. ಉಳಿದದ್ದು ಕೊನೆಯದು. ಮಾಸ್ಕಿನ ಗಾಜಿಗೆ ಕಪ್ಪು ಬಟ್ಟೆ ಕಟ್ಟಿ, ಹಡಗಿನೊಳಗಿನ ಹೆಂಗಸರ ಶೌಚಾಲಯದಲ್ಲಿ ಬಿಡುತ್ತಾರೆ. ದಾರಿ ತೋರಿಸುವ ಹಗ್ಗ ಮುಟ್ಟದೆ ಎಂಟು ನಿಮಿಷದಲ್ಲಿ ಹೊರಗೆ ಬರಬೇಕು. ಬಂದರೆ ಜನರನ್ನು ಒಳಗೆ ಕರೆದೊಯ್ಯುವ ಗೈಡ್ ಕೆಲಸ, ಇಲ್ಲದಿದ್ದರೆ ಮತ್ತೆ ಸೂಟು ತೊಳೆಯುವ ತೊಟ್ಟಿ. ಎರಡೇ ಅವಕಾಶ.

"ಆ ಹಡಗಲ್ಲಿ ನಾನು ಕಣ್ಣು ಮುಚ್ಚಿಕೊಂಡು ಓಡಾಡ್ತೀನಿ ಮೇಷ್ಟ್ರೇ."

"ಮುಚ್ಚೋಕೆ ತಾನೇ ಅಕ್ಕಾ ನಾನಿರೋದು" ಎಂದರು ಮೇಷ್ಟ್ರು.

ಮೊದಲ ಸಲ ಎಲ್ಲ ಚೆನ್ನಾಗಿಯೇ ಶುರುವಾಯಿತು. ಶೌಚಾಲಯದ ಹೊಸ್ತಿಲಿನ ಕಬ್ಬಿಣ ಒಂದು ಕಡೆ ತಗ್ಗಿತ್ತು. ದಿನಾ ಅವಳದೇ ಬಕೆಟ್ಟು ಬಡಿದು ಆದದ್ದು ಅದು. ಅದು ಕೈಗೆ ಸಿಕ್ಕಿತು. ಅಲ್ಲಿಂದ ಬಲಕ್ಕೆ ಹದಿನಾಲ್ಕು ಸಲ ಒರೆಸುಕೋಲು ಬೀಸಿದರೆ ಮೆಟ್ಟಿಲು. ಬಲಕ್ಕೆ ತಿರುಗಿದಳು. ತಲೆ ಹೋಗಿ ಚಾವಣಿಗೆ ಬಡಿಯಿತು. ಹಿಂದೆ ಬಂದು ಮತ್ತೆ ಬಲಕ್ಕೆ ತಿರುಗಿದಳು. ಮತ್ತೆ ಚಾವಣಿ. ಎಂಟು ನಿಮಿಷ ಮುಗಿದು, ಮೇಷ್ಟ್ರು ಕೈ ಹಿಡಿದು ಹೊರಗೆ ಕರೆತಂದರು.

"ಹಡಗು ಮಗ್ಗುಲಾಗಿದೆ ಅಕ್ಕಾ. ನಿಮ್ಮ ಬಲ ಈಗ ಕೆಳಗಿದೆ. ಹಳೇದೆಲ್ಲ ಮರೆತು ಹೊಸದಾಗಿ ಕಲೀರಿ."

ಇಪ್ಪತ್ತೆರಡು ವರ್ಷ ಮರೆಯಬೇಕಂತೆ! ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಉರಿ ಇಳಿಯುವಷ್ಟರಲ್ಲಿ ಒಂದು ಯೋಚನೆ ಬಂದಿತ್ತು.

ಮರುದಿನ ಗಂಡ ಅಂಗಡಿಯಿಂದ ಬಂದಾಗ ಹೆಂಡತಿ ನಡುಮನೆಯಲ್ಲಿ ಬಲಮಗ್ಗುಲಿಗೆ ಮಲಗಿದ್ದಳು. ಕಣ್ಣಿಗೆ ಅವನದೇ ಅಂಗಡಿಯ ಅಸ್ತರಿನ ತುಂಡು. ಗೋಡೆಗೆ ಎದೆ ಕೊಟ್ಟು, ಗೋಡೆಯೇ ನೆಲವೆಂಬಂತೆ ಕೈ ಬೀಸುತ್ತ ತೆವಳುತ್ತಿದ್ದಳು.

"ಅಯ್ಯೋ, ಏನಾಯ್ತೇ? ಬಿದ್ಯಾ?"

"ಬಿದ್ದಿಲ್ಲ ರೀ. ಐದು... ಆರು... ಅಡ್ಡ ಬರಬೇಡಿ."

"ಈ ಹಡಗಲ್ಲಿ ಊಟ ಕೊಡ್ತಾರಾ?"

"ಕೊಡ್ತಾರೆ. ಎಡಕ್ಕೆ ತಿರುಗಿ, ಒಲೆ ಸಿಗುತ್ತೆ. ನೀವೇ ಬಡಿಸ್ಕೊಳ್ಳಿ."

ಹತ್ತು ದಿನ ಹೀಗೇ ನಡೆಯಿತು. ಗೋಡೆ ಮೊಣಕಾಲೆತ್ತರದವರೆಗೆ ಫಳಫಳ ಹೊಳೆಯತೊಡಗಿತು.

ಎರಡನೇ ಸಲ ಹೊಸ್ತಿಲಿನ ತಗ್ಗು ಕೈಗೆ ಸಿಗುತ್ತಲೇ ಅವಳು ಬಲಭುಜ ಕೆಳಗೆ ಮಾಡಿ ಮಗ್ಗುಲಾದಳು. ಅಷ್ಟೇ. ಹಡಗಿನ ನೆಲ ಅವಳ ಎದೆಯ ಮುಂದೆ ಬಂತು, ಬಲ ಮತ್ತೆ ಬಲವಾಯಿತು. ತಿರುಗಿದಳು. ಒಂದು ಬೀಸು, ಎರಡು, ಮೂರು. ಒಂಬತ್ತನೆಯದಕ್ಕೆ ಕೈಗೆ ನೆಲವೇ ಸಿಗಲಿಲ್ಲ.

ಉಸಿರು ಜೋರಾಯಿತು. ಹಿಂದೆಯೇ ಬರುತ್ತಿದ್ದ ಮೇಷ್ಟ್ರ ಕೈ ಹಿಡಿದರೆ ಮುಗಿಯಿತು, ಜೀವವೂ ಕ್ಷೇಮ, ತೊಟ್ಟಿಯೂ ಖಾಯಂ. ಅವಳು ಹಿಡಿಯಲಿಲ್ಲ. ಕೈ ಚಾಚಿ ಅಂಚು ಸವರಿದಳು: ನಯವಾಗಿ, ಗುಂಡಗೆ ಕತ್ತರಿಸಿದ ಕಬ್ಬಿಣ. ಮುಳುಗಿಸಿದವರು ಕೊರೆದ ತೂತು. ತಾನು ಒರೆಸಿದ ನೆಲಕ್ಕೇ ತೂತು ಹಾಕಿದ್ದಾರೆ ಎಂದು ಮನಸ್ಸಿನಲ್ಲೇ ಬೈದು, ನಿಧಾನವಾಗಿ ಎರಡು ಸಲ ಉಸಿರೆಳೆದು, ತೂತಿನಾಚೆ ಕೈಯಿಟ್ಟಳು. ಹತ್ತು.

ಹದಿನಾಲ್ಕಕ್ಕೆ ಮೆಟ್ಟಿಲು. ಅದನ್ನಿಳಿದರೆ ವಾಹನ ನಿಲ್ಲಿಸುವ ಜಾಗ, ಅದರ ತುದಿಗೆ ಹಡಗಿನ ತೆರೆದ ಬಾಯಿ. ಆರೂವರೆ ನಿಮಿಷ.

ದೋಣಿ ಹತ್ತಿದ ಮೇಲೆ ಮೇಷ್ಟ್ರು ಮಾಸ್ಕು ಕಳಚಿದರು.

"ಯಾಕಕ್ಕಾ ಹಾಗೆ ಓರೆಯಾಗಿ ಈಜಿದ್ರಿ?"

"ಹಡಗು ಮಲಗಿದೆ ಅಂತ ನೀವೇ ಹೇಳಿದ್ರಲ್ಲಾ ಮೇಷ್ಟ್ರೇ. ಅದನ್ನ ಎಬ್ಬಿಸೋಕಾಗಲ್ಲ, ಅದಕ್ಕೇ ನಾನೂ ಮಲಗಿದೆ."

ಈಗ ಆ ಫೆರಿ ನೋಡಲು ಬಂದವರಿಗೆ ಸಿಲಿಂಡರ್ ಕೊಡುವ ಮೊದಲು ಬಕೆಟ್ಟಕ್ಕ ದೋಣಿಯ ಹಲಗೆ ತೋರಿಸುತ್ತಾಳೆ. ಎಂಥವರಾದರೂ ಸರಿ, ಬಲಮಗ್ಗುಲಿಗೆ ಒಂದು ಸಲ ಮಲಗಲೇಬೇಕು. ಮೊನ್ನೆ ಒಬ್ಬರು ಹುಬ್ಬು ಗಂಟಿಕ್ಕಿ, ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು.

"ಮೊದಲು ಮಲಗಪ್ಪಾ" ಎಂದಳು ಬಕೆಟ್ಟಕ್ಕ. "ಪುಸ್ತಕ ಬರೆಯೋರೂ ಕಲಿಯೋಕೆ ಇಲ್ಲಿಗೇ ಬರ್ತಾರೆ."