ನರ್ಸಬಾಯಿಯ ಪಾತರಗಿತ್ತಿ

ಇಳಕಲ್ಲಿನ ನಮ್ಮ ಓಣಿಯಲ್ಲಿದ್ದ ನರ್ಸಬಾಯಿಗೆ ಅಂಚೆಚೀಟಿಗಳ ಹುಚ್ಚು. ಹೆರಿಗೆ ಮಾಡಿಸುವಾಗಲೂ ಚೀಟಿ ಕತ್ತರಿಸುವಾಗಲೂ ಅವರದು ಒಂದೇ ಮಾತು: “ಗಡಿಬಿಡಿ ಬ್ಯಾಡ್ರಿ.”

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ, ಅವರ ತಮ್ಮ ಪರದೇಶದಿಂದ ಕಳಿಸಿದ ಅಂಚೆಚೀಟಿಯ ಹಾಳೆಯನ್ನು ಅವರು ಕತ್ತರಿಸುವುದನ್ನು ನೋಡಲು ಓಣಿಯ ಹೆಂಗಸರೆಲ್ಲ ನೆರೆದೆವು. ಅದರಲ್ಲಿ ನಾಲ್ಕು ಪಾತರಗಿತ್ತಿ ಚೀಟಿಗಳು. ನಡುವೆ ಹರಿದು ಬಿಡಿಸಲು ತೂತುಗಳೇ ಇರಲಿಲ್ಲ. ಬಿಳಿ ಅಂಚು ಎಲ್ಲ ಕಡೆ ಸಮನಾಗಿ ಉಳಿಯಬೇಕು, ಕೂದಲೆಳೆಯಷ್ಟು ತಪ್ಪಿದರೂ ಚೀಟಿ ಕೆಟ್ಟಂತೆ. ನರ್ಸಬಾಯಿ ನಾಲಿಗೆ ಕಚ್ಚಿಕೊಂಡು ಕತ್ತರಿ ನಡೆಸಿದರು. ನಾವು ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆದೆವು.

ಕೊನೆಯ ಚೀಟಿ ಬೇರೆಯಾದದ್ದೇ ತಡ, ಪಕ್ಕದ ಮನೆಯ ಕಾಕು ಸೀನಿದರು. ಒಂದು ಪಾತರಗಿತ್ತಿ ಕಿಟಕಿಯಾಚೆ ಹಾರಿತು. ಗಡಿಬಿಡಿ ಬೇಡವೆನ್ನುತ್ತಿದ್ದ ನರ್ಸಬಾಯಿ ಬರಿಗಾಲಲ್ಲೇ ಓಡಿದರು, ಹಿಂದೆ ನಾವೂ. ಅದು ಹಾದಿಯಲ್ಲಿ ಹೊರಟಿದ್ದ ಮುದುಕರೊಬ್ಬರ ತಲೆಯ ರುಮಾಲಿನ ಮೇಲೆ ಕೂತಿತ್ತು.

“ಅಜ್ಜಾರ, ಅಲುಗಾಡಬ್ಯಾಡ್ರಿ!” ನರ್ಸಬಾಯಿ ಕೂಗಿದರು.

ಅಜ್ಜ ನಿಂತಲ್ಲೇ ನಿಂತರು. “ಹಾವೇನವಾ?”

“ಅಲ್ರೀ, ಪಾತರಗಿತ್ತಿ!”

ತೆಗೆದು ನೋಡಿದರೆ ಅಂಚು ಎಲ್ಲ ಕಡೆ ಸಮ! ಅಜ್ಜ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಎಷ್ಟ ಚಂದ ಐತವಾ!”

ಚೀಟಿಗಳನ್ನು ಯಾರಿಗೂ ಮುಟ್ಟಗೊಡದ ನರ್ಸಬಾಯಿ ಅದರ ಹಿಂಬದಿಯ ಅಂಟಿಗೆ ನಾಲಿಗೆ ತಾಗಿಸಿ ಮತ್ತೆ ರುಮಾಲಿಗೇ ಅಂಟಿಸಿದರು. “ನಿಮ್ಮನ್ನ ಹುಡಿಕ್ಕೊಂಡ ಬಂದೈತ್ರಿ, ನಿಮ್ಮ ಹತ್ರನ ಇರ್ಲಿ.”

ಅಜ್ಜ ತಲೆ ಒಂದಿಷ್ಟೂ ಅಲ್ಲಾಡಿಸದೆ, ಮದುಮಗನಂತೆ ಬಜಾರದ ಕಡೆ ನಡೆದರು.