ಅಮ್ಮಿಯ ಹಣೆಗೆ ನಾನಿಟ್ಟ ಬೊಟ್ಟು

ಜಬೀ, ನಿಮ್ಮಮ್ಮನ ಫೋಟೋಗಳಿದ್ದ ಸಿ.ಡಿ. ಹಾಳಾಗಿರಲಿಲ್ಲ. ಹಾಳಾಗಿದೆ ಎಂದು ನಾನು ನಿನಗೆ ಸುಳ್ಳು ಹೇಳಿದೆ. ಆ ಫೋಟೋಗಳು ಅಂದೂ ನನ್ನ ಬಳಿ ಇದ್ದವು, ಇಂದೂ ಇವೆ.

ಕುಣಿಗಲ್‌ನ ನಿನ್ನ ಸ್ಟುಡಿಯೋಗೆ ಮೊದಲ ಡಿಜಿಟಲ್ ಕ್ಯಾಮೆರಾ ಬಂದಾಗ, ಅದು ಹೇಗಿದೆ ನೋಡಲೆಂದು ಹಿತ್ತಲಲ್ಲಿ ಅಮ್ಮಿಯನ್ನು ಕೂರಿಸಿ ನೀನು ತೆಗೆದ ಫೋಟೋಗಳವು. ರೇಷನ್ ಕಾರ್ಡಿನದು ಬಿಟ್ಟರೆ ಅವರದ್ದು ಬೇರೆ ಫೋಟೋ ಇರಲಿಲ್ಲ—ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದರಲ್ಲ. ಆದರೆ ಅವು ಬೇರೆ ಸಾಫ್ಟ್‌ವೇರ್ ಇಲ್ಲದೆ ತೆರೆಯದ, ಕಚ್ಚಾ ರೂಪದ ರಾ ಫೈಲ್‌ಗಳಾಗಿದ್ದವು. ನಿನ್ನ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ನೀನು ಅವನ್ನು ಸಿ.ಡಿ.ಗೆ ಹಾಕಿ, ಕ್ಯಾಮೆರಾದ ಕಾರ್ಡನ್ನು ಯಾವುದೋ ಮದುವೆಗಾಗಿ ಖಾಲಿ ಮಾಡಿಕೊಂಡು, ತುಮಕೂರಿನ ನನ್ನ ಡಿಸೈನ್ ಅಂಗಡಿಗೆ ಬಂದೆ. "ಪರ್ಮೇಶ, ಹೆಂಗಾದ್ರೂ ಮಾಡಿ ಓಪನ್ ಮಾಡ್ಕೊಡ್ಲಾ. ಅಮ್ಮಿ ನಗೋ ಫೋಟೋ ಇದೊಂದೇ ಕಣೋ."

ಅಲ್ಲಿ ಇಲ್ಲಿ ವಿಚಾರಿಸಿ ಅದಕ್ಕೆ ಬೇಕಾದ ಸಾಫ್ಟ್‌ವೇರ್ ಹುಡುಕಿದೆ. ತೆರೆಯಿತು. ಸೆರಗು ತಲೆಯಿಂದ ಜಾರಿತ್ತು, ಮಡಿಲಲ್ಲಿ ಮೊರ. ಹಲ್ಲುದುರಿದ ಬಾಯಿ ಮುಚ್ಚಿಕೊಳ್ಳಲು ಕೈ ಮೇಲೇಳುವ ಮುಂಚೆ ಅಮ್ಮಿ ನಕ್ಕುಬಿಟ್ಟಿದ್ದರು. ಆಗಲೇ ನಿನಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ.

ಗುಬ್ಬಿಯ ಸಾಂಬಾರ್ ಪುಡಿ ತಯಾರಕರೊಬ್ಬರು ಪ್ಯಾಕೆಟ್ಟಿಗೊಂದು ಅಜ್ಜಿಯ ಮುಖ ಕೇಳಿದ್ದರು. ನಾನು ಬರೆದದ್ದೆಲ್ಲ ತಿರಸ್ಕೃತವಾಗಿತ್ತು—"ಇದ್ಯಾವ್ದೂ ಅಡುಗೆ ಮಾಡೋ ಅಜ್ಜಿ ಥರ ಇಲ್ಲ ಕಣಪ್ಪ." ಅಮ್ಮಿಯ ಮುಖವನ್ನು ಪರದೆಯ ತುಂಬ ಹರಡಿಕೊಂಡು ಅದರ ಮೇಲೆ ಗೆರೆ ಎಳೆಯತೊಡಗಿದೆ. ಫೋಟೋ ಹಿಗ್ಗಿಸಿದರೆ ಒಡೆಯುತ್ತದೆ. ಗೆರೆಗಳಾಗಿಸಿದ ವೆಕ್ಟರ್ ಚಿತ್ರ ಒಡೆಯುವುದಿಲ್ಲ—ಸಣ್ಣ ಪೊಟ್ಟಣಕ್ಕೂ ಸರಿ, ದೊಡ್ಡ ಗೋಡೆಗೂ ಸರಿ. ಕೆನ್ನೆಯ ಸುಕ್ಕು, ಕಣ್ಣಂಚಿನ ನೆರಿಗೆ, ಎಲ್ಲ ಬಂತು. ಹಲ್ಲು ತುಂಬಿಸಿದೆ. ಆಮೇಲೆ, ನೀನು ಗುರುತು ಹಿಡಿಯಬಾರದೆಂದು—ಹೌದು, ಅದಕ್ಕೇ—ಹಣೆಗೆ ಅಗಲವಾದ ಬೊಟ್ಟಿಟ್ಟೆ.

"ಯಾರಪ್ಪ ಈ ಅಜ್ಜಿ?" ಎಂದು ಸಾಂಬಾರ್ ಪುಡಿಯ ಯಜಮಾನರು ಕೇಳಿದರು.

"ಯಾರೂ ಅಲ್ಲ ಸಾರ್, ನಾನೇ ಬರ್ದಿದ್ದು."

ಫೋಟೋ ನಿನ್ನ ಮನೆಯ ಗೋಡೆಗೇರಿದರೆ ನನ್ನ ಕಳ್ಳತನ ಬಯಲಾಗುತ್ತಿತ್ತು. ಅದಕ್ಕೇ, ನೀನು ಬಂದಾಗ ಸಿ.ಡಿ. ಹೋಗಿದೆ ಎಂದೆ. "ಹೋಗ್ಲಿ ಬುಡು, ಇನ್ನೊಂದ್ಸಲ ತಗದ್ರಾಯ್ತು" ಎಂದು ನೀನು ನಕ್ಕೆ. ಆ ಚಳಿಗಾಲದಲ್ಲೇ ಅಮ್ಮಿ ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ ನೀನು ಕೇಳಿದ್ದು ಒಂದೇ ಮಾತು—"ಆ ಸಿ.ಡಿ. ಇನ್ನೊಂದ್ ಕಿತ ನೋಡ್ಲಾ?"

ಆಗಲ್ಲ ಎಂದು ತಲೆಯಾಡಿಸಿದೆ. ಮೊದಲನೆಯ ಸುಳ್ಳನ್ನು ಹೆದರಿ ಹೇಳಿದ್ದೆ. ಇದನ್ನು ನಿನ್ನ ಮುಖ ನೋಡಿಕೊಂಡೇ ಹೇಳಿದೆ.

ಆಮೇಲೊಮ್ಮೆ ಗುಬ್ಬಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದುರಿನ ಗೋಡೆಯ ಜಾಹೀರಾತನ್ನೇ ನೋಡುತ್ತ ನಿಂತೆಯಲ್ಲ. "ಈ ಅಜ್ಜಿ ನೋಡಿದ್ರೆ ಅಮ್ಮಿ ನೆನಪಾಗ್ತಾಳೆ ಕಣೋ. ಬೊಟ್ಟೊಂದು ಇಲ್ದಿದ್ರೆ..." ನಾನು ಬಸ್ಸು ಬಂತು ಎಂದೆ. ಬಸ್ಸು ಬಂದಿರಲಿಲ್ಲ.

ಮೊನ್ನೆ ಯಜಮಾನರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. "ಇಷ್ಟ್ ವರ್ಷ ಆದ್ಮೇಲೆ ಯಾರ್ ಕೇಳ್ತಾರೆ, ಸುಮ್ನಿರಪ್ಪ" ಎಂದರು. ಕೇಳಬೇಕಾದವನಿಗೆ ನಾನೇ ಹೇಳುತ್ತೇನೆ ಎಂದು ಎದ್ದು ಬಂದೆ. ಆ ಮುಖ ಪ್ಯಾಕೆಟ್ಟಿನ ಮೇಲೆ ಇರಬೇಕೋ ಬೇಡವೋ, ನೀನು ಹೇಳಬೇಕು. ಬೇಡವೆಂದರೆ, ತೆಗೆಸುವ ತನಕ ನಾನು ಬಿಡುವುದಿಲ್ಲ.

ಫೋಟೋಗಳನ್ನು ಪ್ರಿಂಟ್ ಹಾಕಿಸಿದ್ದೇನೆ. ನಾಳೆ ಕುಣಿಗಲ್‌ಗೆ ಬರುತ್ತೇನೆ. ಬಂದ ತಕ್ಷಣ ಅವನ್ನು ನಿನ್ನ ಕೈಗಿಡುವುದಿಲ್ಲ. ಈಗ ಮನಸ್ಸಿನಲ್ಲೇ ನಿನಗೆ ಹೇಳಿಕೊಳ್ಳುತ್ತಿರುವ ಇದಿಷ್ಟನ್ನೂ ನಿನ್ನೆದುರು ನಿಂತು ಹೇಳಿ ಮುಗಿಸಿದ ಮೇಲೆಯೇ ಕೊಡುತ್ತೇನೆ. ಮೊದಲೇ ಕೊಟ್ಟರೆ ನೀನು ಅಳುತ್ತೀಯ, ನನ್ನನ್ನು ತಬ್ಬಿಕೊಳ್ಳುತ್ತೀಯ—ಗೊತ್ತಿಲ್ಲದೆ ನೀನು ಕೊಡುವ ಆ ಪ್ರೀತಿಯನ್ನು ನಾನು ಇನ್ನು ತೆಗೆದುಕೊಳ್ಳಲಾರೆ.