ಮಾಮಾನ ಫೋನಿನ ಹಾಡು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಾಡು ಕಳಿಸುವ ರೂಢಿ ಶುರುವಾದದ್ದು ಲಾಕ್‌ಡೌನಿನ ದಿನಗಳಲ್ಲಿ. ಕಿರಿಯ ತಂಗಿಯಾದ ನಾನು ಗೋಕಾಕದಲ್ಲಿದ್ದೆ. ಅಣ್ಣನಿಗೆ ನೀರಾವರಿ ಇಲಾಖೆಯಲ್ಲಿ ಕೆಲಸ, ಹಾಗಾಗಿ ಅವನೂ ಅವನ ಹೆಂಡತಿ, ನಮ್ಮ ವೈನಿಯೂ ಹಿಡಕಲ್ ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದರು. ನಮ್ಮಿಬ್ಬರಿಗೂ ಹಿರಿಯಳಾದ ಅಕ್ಕ ಬೆಲ್ಲದ ಬಾಗೇವಾಡಿಯಲ್ಲಿ, ಗಂಡನೊಂದಿಗೆ. ಅಕ್ಕನ ಗಂಡನನ್ನು ನಾವೆಲ್ಲ ಮಾಮಾ ಎನ್ನುತ್ತೇವೆ. ಒಬ್ಬರ ಮನೆಗೊಬ್ಬರು ಹೋಗುವಂತಿರಲಿಲ್ಲ. ರವಿವಾರಕ್ಕೊಮ್ಮೆ ಯಾರಾದರೊಬ್ಬರು ತಮಗೆ ಸೇರುವ ಹಾಡು ಕಳಿಸಬೇಕು, ಅದು ಯಾಕೆ ಸೇರುತ್ತದೆ ಅನ್ನುವುದನ್ನು ಬಾಯಿಂದಲೇ ಹೇಳಿ ಕಳಿಸಬೇಕು ಎಂದು ಮಾತಾಯಿತು.

ಅಣ್ಣ ಕಳಿಸುತ್ತಿದ್ದದ್ದು ರೇಡಿಯೋ ಕಾಲದ ಸಿನಿಮಾ ಹಾಡುಗಳು. ಒಂದು ಹಾಡನ್ನು ಎಸ್ಸೆಸ್ಸೆಲ್ಸಿ ಫೇಲಾದ ದಿನ ಚಹಾದಂಗಡಿಯಲ್ಲಿ ಕೂತು ಕೇಳಿದ್ದೆ ಎಂದು ಹೇಳಿ ಕಳಿಸಿದ. ಅವನು ಫೇಲಾಗಿದ್ದ ಸಂಗತಿ ವೈನಿಗೆ ಗೊತ್ತಾದದ್ದೇ ಆವಾಗ. ಅಕ್ಕ ಮಾತ್ರ ಯಾರೋ ಹಾಡಿದ್ದನ್ನು ಕಳಿಸಲಿಲ್ಲ. ಅವ್ವ ಬೀಸುವಾಗ ಹಾಡುತ್ತಿದ್ದ ಹಾಡನ್ನು ತಾನೇ ಹಾಡಿ ಕಳಿಸಿದಳು. ನಡುವೆ ಎಮ್ಮೆ ಒದರಿದ್ದೂ ಅದರಲ್ಲಿತ್ತು. ಲಾಕ್‌ಡೌನ್ ಮುಗಿದು, ಪಾಠ ಮಾಡಲು ಮೂಡಲಗಿಯ ಹೈಸ್ಕೂಲಿಗೆ ಮತ್ತೆ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೂ ನಾನು ಅದನ್ನು ಕಿವಿಗೆ ಹಚ್ಚಿಕೊಂಡು ಕೂರುತ್ತಿದ್ದೆ.

ವೈನಿಗೆ ಸೇರುತ್ತಿದ್ದದ್ದು ಕುಣಿಯುವ ಹಾಡು. ಈ ಕಡೆಯ ಹುಡುಗರು ಹೊಸದಾಗಿ ಕಟ್ಟಿ, ಹಿಂದೆ ಡೊಳ್ಳು, ಕೀಬೋರ್ಡು ಎಲ್ಲ ಸೇರಿಸಿ ಮೊಬೈಲಿಗೆ ಬಿಡುವ ಜಾನಪದ. ಒಂದು ರವಿವಾರ ಆಕೆ ಅಂಥದೊಂದು ಕಳಿಸಿದಳು. ಸಂತೆಯಿಂದ ತಡವಾಗಿ ಬಂದ ಗಂಡನನ್ನು ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ಇಷ್ಟು ಹೊತ್ತು ಎಲ್ಲಿದ್ದೆ ಎಂದು ಜಬರಿಸುವ ಹಾಡು. "ಇದು ಮಾಮಾರಿಗೆ, ಅಕ್ಕಾರ ಪರವಾಗಿ" ಎಂದು ನಗುತ್ತ ಹೇಳಿದ್ದಳು. ಹೊಲ, ಡೇರಿ, ಕಟ್ಟೆ ಎಂದು ತಿರುಗುವ ಮಾಮಾ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದವನೇ ಅಲ್ಲ. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ಫೋನಿನ ರಿಂಗ್‌ಟೋನನ್ನಾಗಿಯೇ ಮಾಡಿಕೊಂಡ. ಅಕ್ಕ ಹುಸಿಮುನಿಸಿನಿಂದ ಬೈದಳು. ಆ ವರ್ಷ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಲ್ಲೆಲ್ಲ ಅದೇ ಹಾಡು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಡ್ರೈವರನ ತಲೆಯ ಮೇಲೆ ದೊಡ್ಡ ಸ್ಪೀಕರ್ ಕೂರಿಸಿಕೊಂಡು ಹೋಗುವ ಗಾಡಿಗಳು ನಮ್ಮ ರಸ್ತೆಗಳಿಗೆ ಹೊಸವಲ್ಲ.

ಮುಂದಿನ ಹಂಗಾಮಿನಲ್ಲಿ, ಒಂದು ಸಂಜೆ, ಮಾಮಾ ಹುಕ್ಕೇರಿಯಿಂದ ಬೈಕಿನ ಮೇಲೆ ಊರಿಗೆ ಬರುತ್ತಿದ್ದ. ಮುಂದೆ ಕಬ್ಬಿನ ಟ್ರ್ಯಾಕ್ಟರು. ಹಾರ್ನ್ ಹೊಡೆದು ಬಾಜೂಕ್ಕೆ ಹೋದ. ಸ್ಪೀಕರಿನ ಗದ್ದಲದಲ್ಲಿ ಡ್ರೈವರನಿಗೆ ಕೇಳಿಸಲಿಲ್ಲ. ಹಿಂದಿನ ಟ್ರೇಲರ್ ವಾಲಿ ಬಂದು ಮಾಮಾನನ್ನು ಗಾಡಿಸಮೇತ ತಗ್ಗಿಗೆ ತಳ್ಳಿತು. ಕೂಗಿದ್ದೂ ಕೇಳಿಸಲಿಲ್ಲ. ಟ್ರ್ಯಾಕ್ಟರು ಹಾಡು ಹಚ್ಚಿಕೊಂಡೇ ಹೋಗಿಬಿಟ್ಟಿತು. ಒಂದು ಕಾಲು ಗಾಡಿಯಡಿ ಸಿಕ್ಕು ನುಜ್ಜಾಗಿತ್ತು. ಕತ್ತಲಾಯಿತು. ಬಹಳ ಹೊತ್ತಿನ ಮೇಲೆ ಹಾಲಿನ ಗಾಡಿಯವನೊಬ್ಬ ಅವನನ್ನು ಕಂಡು, ನಾಲ್ಕು ಜನರನ್ನು ಕೂಡಿಸಿ ಎತ್ತಿಸಿದ. ಗೋಕಾಕದ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಒಂದಿಷ್ಟು ಬೇಗ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಅಂದದ್ದನ್ನು ಅಕ್ಕ ಕೇಳಿಸಿಕೊಂಡಳು.

ಮಾತನಾಡಿಸಲು ಬಂದ ಬಾಗೇವಾಡಿಯ ಹಿರಿಯರೊಬ್ಬರು ಮಂಚದ ಬಳಿ ಕೂತು, ಹಣ್ಣಿನ ಚೀಲವನ್ನು ಅಕ್ಕನ ಕೈಗೆ ಕೊಡುತ್ತ ಹೇಳಿದರು: "ನಾನೂ ಅದ ದಾರೀಲೆ ಬಂದೆ ನೋಡವಾ. ತಗ್ಗಿನ ಕಡಿಂದ ಆ ಹಾಡ ಕೇಳಾಕತ್ತಿತ್ತು. ಯಾವದೋ ಟ್ಯಾಕ್ಟರ ನಿಂತೈತಿ ಅನಕೊಂಡ ಹಂಗ ಬಂದ್‌ಬಿಟ್ಟೆ. ಇವನ ಫೋನ ಅಂತ ಯಾರಿಗೆ ಗೊತ್ತಾಗಬೇಕ?"

ಅವರು ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಿದ್ದಲ್ಲ. ಆದರೆ ಅಕ್ಕನ ಮುಖ ನೋಡಿ ನನಗೆ ಹೆದರಿಕೆಯಾಯಿತು. ಆ ಸಂಜೆಯೇ ಅವಳು ಗುಂಪಿನಿಂದ ಹೊರಬಿದ್ದಳು. ಮಾರನೆಯ ದಿನ ಬುತ್ತಿ ಕಟ್ಟಿಕೊಂಡು ಬಂದ ವೈನಿಯನ್ನು ಮಾತನಾಡಿಸಲಿಲ್ಲ. ಬುತ್ತಿಯನ್ನು ಬಾಜೂ ಮಂಚದವರಿಗೆ ಕೊಟ್ಟುಬಿಟ್ಟಳು.

ಮಾಮಾ ಮನೆಗೆ ಬಂದ ಮೇಲೂ ಹಾಗೇ. ಅಣ್ಣ ಹೋದರೆ ಚಹಾ, ವೈನಿ ಹೋದರೆ ಅಕ್ಕ ಹಿತ್ತಲಿಗೆ. ವೈನಿ ಮನೆಯಲ್ಲಿ ಟಿವಿ ಹಚ್ಚುವುದನ್ನೂ ಬಿಟ್ಟಳಂತೆ. ಒಂದು ದಿನ ಫೋನಿನಲ್ಲಿ, "ನಾ ಅದನ್ನ ಕಳಸಬಾರದಿತ್ತೇನ್ರಿ?" ಎಂದು ನನ್ನನ್ನು ಕೇಳಿದಳು. ನನಗಿಂತ ಹಿರಿಯಳಾದ ಆಕೆ ನನಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು. "ಸುಮ್ನಿರ್ರಿ ವೈನಿ, ನಾ ಕರಕೊಂಡ ಹೋಗತೇನಿ" ಅಂದೆ.

ಸಾಲೆಯ ಸೂಟಿಯ ದಿನ ಇಬ್ಬರೂ ಬಾಗೇವಾಡಿಗೆ ಹೋದೆವು. ಮಾಮಾ ಪಡಸಾಲೆಯ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅಕ್ಕ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ವೈನಿಯನ್ನು ಕಂಡು ಏಳಹೋದವಳ ಕೈಯನ್ನು ನಾನು ಹಿಡಿದೆ.

"ಅಕ್ಕಾ, ಬೈಯೂದಿದ್ರ ಬೈದಬಿಡ. ಹಿಂಗ ಮಾಡಬ್ಯಾಡ."

"ನಾ ಯಾರಿಗಿ ಬೈಯ್ಲಿ?" ಎಂದಳು ಅಕ್ಕ. "ಹಾಡ ಕೊಟ್ಟಾಕಿ ನಗ್ಕೋತ ಕೊಟ್ಲು. ಇವರು ನಗ್ಕೋತ ಇಟಕೊಂಡ್ರು."

ವೈನಿ ಹೊಸ್ತಿಲಲ್ಲೇ ಕುಸಿದು ಕೂತು ಅಳತೊಡಗಿದಳು. "ಅಕ್ಕಾರ, ನನ್ನ ಕಾಲ ಹೋಗಿದ್ರ ಚಲೋ ಇತ್ತು."

ಆವಾಗ ಅಕ್ಕನ ಕೈಯಿಂದ ಮೊರ ಜಾರಿತು. "ನಿಂದೇನೈತಿ ಇದರಾಗ!" ಎಂದು ಚೀರಿದಳು. "ಫೋನ ಹಚ್ಚಿದಾಕಿ ಯಾರು? ನಾನ. ಹೊತ್ತಾತು, ಯಾಕ ಬರಲಿಲ್ಲ ಅಂತ ಹಚ್ಚಿದ್ದ ಹಚ್ಚಿದ್ದು. ನಾ ಹಚ್ಚಿದಾಗೊಮ್ಮೆ ಅಲ್ಲಿ ಅದು ಹಾಡತಿತ್ತು. ನಾ ಸುಮ್ಮಕಿದ್ರ ಇವರು ಒದರಿದ್ದರ ಯಾರಿಗರ ಕೇಳಸ್ತಿತ್ತು."

ತಿಂಗಳುಗಟ್ಟಲೆ ಅವಳು ಇದನ್ನು ಒಳಗಿಟ್ಟುಕೊಂಡೇ ನಮ್ಮೆದುರು ಓಡಾಡಿದ್ದಳು. ನಾವು ಅದನ್ನು ವೈನಿಯ ಮೇಲಿನ ಸಿಟ್ಟು ಎಂದೇ ತಿಳಿದಿದ್ದೆವು.

ಮಾಮಾ ಗೋಡೆ ಬಿಟ್ಟು ಮುಂದಕ್ಕೆ ಸರಿದು ಕೂತ. ಆಮೇಲೆ ಮೆಲ್ಲಗೆ ಹೇಳಿದ: "ಒದರಾಕ ನನಗ ದನಿ ಎಲ್ಲಿತ್ತ? ಒಮ್ಮೆ ಒದರಿದೆ, ಮುಗೀತು. ಕಣ್ಣ ಮುಚ್ಚಾಕತ್ತಿದ್ದುವು. ಫೋನ ಬಡಕೊಂಡಾಗೊಮ್ಮೆ, ಇಕಿ ಹುಡಕಾಕತ್ತಾಳ ಅಂತ ಕಣ್ಣ ತಗೀತಿದ್ದೆ. ಹಾಲಿನ ಗಾಡಿಯವ ಏನಂದ ಗೊತ್ತೈತೇನ? ಟ್ಯಾಕ್ಟರದಾಗ ಆದ್ರ ಹಾಡ ಮುಂದ ಹೋಕ್ಕೈತಿ, ಇದು ನಡುವ ಕಡದ ಮತ್ತ ಮೊದಲಿಂದ ಹಾಡಾಕತ್ತಿತ್ತು, ಅದಕ್ಕ ಇಳದ ನೋಡಿದೆ ಅಂದ."

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಆ ಹಾಡಿನ ಮಾತ ಎತ್ತಾಕ ನೀ ಎಲ್ಲಿ ಬಿಟ್ಟಿ?"

ಅಕ್ಕ ಚೆಲ್ಲಿದ ಜೋಳವನ್ನು ಬಳಿಯತೊಡಗಿದಳು. ವೈನಿ ಹೊಸ್ತಿಲಿಂದ ಎದ್ದು ಬಂದು ಎದುರಿಗೆ ಕೂತು ತಾನೂ ಬಳಿದಳು. ಮಧ್ಯಾಹ್ನ ಅಕ್ಕ ರೊಟ್ಟಿ ಬಡಿದು ವೈನಿಯ ತಾಟಿಗೂ ಹಾಕಿದಳು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾಮಾ ಈಗ ಹಾಕಿಸಿಕೊಂಡ ಕಾಲಿನಲ್ಲಿ ಹೊಲದ ಬದುವಿನವರೆಗೆ ಹೋಗುತ್ತಾನೆ. ಅವನ ಫೋನು ಬರೀ ಗಂಟೆಯಂತೆ ಬಾರಿಸುತ್ತದೆ. ಅಕ್ಕ ಮತ್ತು ವೈನಿ ಹಬ್ಬ, ಕಾಳು, ಮದುವೆ ಎಂದು ಮಾತಾಡುತ್ತಾರೆ. ಕಬ್ಬಿನ ಹಂಗಾಮು ಬಂತೆಂದರೆ ಅಕ್ಕ ಹಾಡಹಗಲೇ ತಲಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗೆ ಕೂತ ಮಾಮಾನಿಗೆ ಅದಕ್ಕೇ ಸಿಟ್ಟು. "ಗಾಳಿ ಬೆಳಕರ ಬರಲಿ" ಎಂದು ಜಗಳ ತೆಗೆಯುತ್ತಾನೆ. ಗುಂಪಿನಲ್ಲಿ ಹಾಡು ಹಾಕುವವರಿಲ್ಲ. ಅಕ್ಕನನ್ನು ಅಣ್ಣ ಮತ್ತೆ ಸೇರಿಸಿದ್ದಾನೆ, ಅಷ್ಟೆ.

ಮೊನ್ನೆ ಅವಳು ನನಗೊಬ್ಬಳಿಗೇ ಫೋನು ಮಾಡಿ, "ಕೇಳಾಕ ಏನರ ಇದ್ರ ಕಳಸ. ಮಾತ ಇರಬಾರದು ನೋಡ ಅದರಾಗ" ಎಂದಳು. ನಾನು ಎರಡು ದಿನ ಹುಡುಕಿ ಒಂದು ಕೊಳಲು ಕಳಿಸಿದೆ. ಯಾಕೆ ಸೇರುತ್ತದೆ ಎಂದು ಹೇಳಲು ಹೋಗಲಿಲ್ಲ. ಸಂಜೆ ಉತ್ತರ ಬಂತು: "ಅರ್ಧಾ ಕೇಳಿದೆ. ಎದಿ ಬಡಕೊಳ್ಳಾಕತ್ತು, ಬಂದ್ ಮಾಡಿದೆ. ನಾಳಿ ನೋಡತೇನಿ."